ಸಹಾಯ ಬೇಕು: ಮರಳು-ಇದ್ದಿಲು ಫಿಲ್ಟರ್, ಅಳೆಯೋದು ಏನನ್ನ?

9ನೇ ತರಗತಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನದ ಮಾದರಿ ಇದು. 2 ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿದೆ. ಬಾಯಿಗೆ ಹತ್ತಿ, ಮೇಲೆ 4 ಸೆಂ.ಮೀ. ಜಲ್ಲಿ, ಎರಡು ಮಡಿಕೆ ಬಟ್ಟೆ, 5 ಸೆಂ.ಮೀ. ಇದ್ದಿಲು, 8 ಸೆಂ.ಮೀ. ಮರಳು. ಬಟ್ಟೆ ಇಲ್ಲದಿದ್ರೆ ಇದ್ದಿಲ ಪುಡಿ ಜಲ್ಲಿಯೊಳಗೆ ಇಳಿದು ನೀರು ಕಪ್ಪಗೆ ಬರುತ್ತೆ.

ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಉಪ್ಪು-ಖನಿಜಗಳ ಒಟ್ಟು ಪ್ರಮಾಣ) 780 ಇತ್ತು, ಸೋಸಿದ್ಮೇಲೆ 860! ಒಲೆ ಇದ್ದಿಲಿನ ಬೂದಿ ಕರಗಿದ್ದೇ ಕಾರಣ. ನಾಲ್ಕು ಸಲ ತೊಳೆದ್ಮೇಲೆ 790ಕ್ಕೆ ಬಂತು. ಅದಕ್ಕಿಂತ ಇಳಿಯಲ್ಲ, ಕರಗಿದ ಉಪ್ಪನ್ನ ಮರಳು ಹಿಡಿಯಲ್ಲ. ಹಾಗಾಗಿ ಟಿಡಿಎಸ್ ಮೀಟರ್ ಪಕ್ಕಕ್ಕಿಟ್ಟು ಕೆರೆಯ ಕೆಂಪು ನೀರು ತಗೊಂಡು ಕದಡು ಅಳೆಯೋದು ಅಂತ ನಿರ್ಧಾರ: ಗಾಜಿನ ಜಾಡಿ ಕೆಳಗೆ ಕಪ್ಪು ಗುಣಾಕಾರ ಚಿಹ್ನೆ ಇಟ್ಟು, ಅದು ಕಾಣದಂತಾಗುವ ತನಕ ನೀರು ಸುರಿದು ಎತ್ತರ ನೋಡೋದು. ಸೋಸದ ನೀರಿಗೆ 6 ಸೆಂ.ಮೀ. ಸಾಕು. ಸೋಸಿದ್ದಕ್ಕೆ 25 ಸೆಂ.ಮೀ. ಜಾಡಿ ತುಂಬಿದ್ರೂ ಚಿಹ್ನೆ ಎದ್ದು ಕಾಣ್ತಿದೆ.

60 ಸೆಂ.ಮೀ. ಪಾರದರ್ಶಕ ಕೊಳವೆ ಕಡಿಮೆ ಖರ್ಚಲ್ಲಿ ಮಾಡಿದವರಿದ್ದೀರಾ? ಟ್ಯೂಬ್‌ಲೈಟ್ ಗಾಜು ಬೇಡ, ಒಳಗೆ ಪಾದರಸ ಇರುತ್ತೆ. ಅಕ್ರಿಲಿಕ್ ಕೊಳವೆಯ ತಳಕ್ಕೆ ಸಿಲಿಕೋನ್ ಹಚ್ಚಿ 24 ಗಂಟೆ ಬಿಟ್ಟರೂ ಅಂಚಲ್ಲಿ ಸೋರ್ತಿದೆ. ಪ್ರದರ್ಶನ ಶನಿವಾರ. ಚಾರ್ಟಲ್ಲಿದ್ದ ‘ಕುಡಿಯಲು ಯೋಗ್ಯ’ ತೆಗೆಸಿಯಾಯ್ತು, ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಲ್ವಲ್ಲ.