ಮಗುವಿನ ಡಾಕ್ಟರ ಬಿಲ್ ಕಲೆಕ್ಷನ್‌ಗೆ ಹೋಗಿ ಮನೆ ಸಾಲ ನಿಂತಿದೆ, ದಯವಿಟ್ಟು ದಾರಿ ತಿಳಿಸಿ

ತುಂಗಾತೀರ (ಟೆಕ್ಸಾಸ್):
ಎಲ್ಲರಿಗೂ ನಮಸ್ಕಾರ. ಮನೆ ಸಾಲಕ್ಕೆಂದು ಲೋನ್ ಆಫೀಸರ್ ನನ್ನ ಕ್ರೆಡಿಟ್ ರಿಪೋರ್ಟ್ ತೆಗೆಸಿದಾಗ ಅದರಲ್ಲಿ ಮೆಡಿಕಲ್ ಕಲೆಕ್ಷನ್ (ವಸೂಲಿ ಏಜೆನ್ಸಿಗೆ ಹೋದ ವೈದ್ಯಕೀಯ ಬಾಕಿ) ಒಂದು ಕಾಣಿಸಿಕೊಂಡಿತು. ಬಾಕಿ 440 ಡಾಲರ್. ಆಸ್ಪತ್ರೆಯಿಂದ ಬಂದ ಪ್ರತಿಯೊಂದು ಬಿಲ್ಲನ್ನೂ ನಾವು ಗಡುವಿನೊಳಗೇ ಕಟ್ಟಿದ್ದೇವೆ. ಇನ್ಶೂರೆನ್ಸ್‌ನವರು ಡಾಕ್ಟರ ಕಚೇರಿಯನ್ನು ಕೇಳಿ ಎನ್ನುತ್ತಾರೆ, ಡಾಕ್ಟರ ಕಚೇರಿಯವರು ಏಜೆನ್ಸಿಯನ್ನು ಕೇಳಿ ಎನ್ನುತ್ತಾರೆ, ಏಜೆನ್ಸಿಯವರಿಗೆ ಹಣ ಯಾವಾಗ ಕಟ್ಟುತ್ತೀರಿ ಎಂಬ ಮಾತಿನ ಹೊರತು ಬೇರೇನೂ ಬೇಕಿಲ್ಲ. ಈ ರಿಪೋರ್ಟ್ ತಯಾರಿಸುವ ಮೂರೂ ಬ್ಯೂರೋಗಳಿಗೆ ಆನ್‌ಲೈನ್‌ನಲ್ಲಿ ಡಿಸ್‌ಪ್ಯೂಟ್ (ತಪ್ಪಿದೆಯೆಂಬ ತಕರಾರು) ಹಾಕಿದರೆ, ಪರಿಶೀಲಿಸಿದ್ದೇವೆ, ಮಾಹಿತಿ ಸರಿಯಾಗಿದೆ ಎಂಬ ಉತ್ತರ ಬಂತು. ನಿಜಕ್ಕೂ ಸೋತುಹೋಗಿದ್ದೇನೆ.

ಬಯಲುಸೀಮೆ:
ಸರ್, 500 ಡಾಲರಿಗಿಂತ ಕಡಿಮೆಯ ಮೆಡಿಕಲ್ ಕಲೆಕ್ಷನ್ ರಿಪೋರ್ಟ್‌ನಲ್ಲಿ ಇರುವಂತೆಯೇ ಇಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಅವನ್ನು 2023ರ ಏಪ್ರಿಲ್‌ನಲ್ಲೇ ತೆಗೆದುಹಾಕಿವೆ. ಆ ನಿಯಮವನ್ನು ಉಲ್ಲೇಖಿಸಿ ಮತ್ತೊಮ್ಮೆ ಡಿಸ್‌ಪ್ಯೂಟ್ ಹಾಕಿ, ತಾನಾಗಿ ಹೋಗುತ್ತದೆ.

ಕಾವೇರಿ ಕಣಿವೆ:
ಅದೂ ಬೇಕಿಲ್ಲ. 2025ರ ಜನವರಿಯಲ್ಲಿ ಗ್ರಾಹಕರ ಹಣಕಾಸು ಹಿತ ಕಾಯುವ ಕೇಂದ್ರ ಸಂಸ್ಥೆ ಸಿಎಫ್‌ಪಿಬಿ ಎಲ್ಲ ಮೆಡಿಕಲ್ ಸಾಲವನ್ನೂ ಕ್ರೆಡಿಟ್ ರಿಪೋರ್ಟ್‌ನಿಂದ ಹೊರಗಿಡುವ ನಿಯಮ ತಂದಿದೆಯಲ್ಲ.

ಮಲ್ಲಿಗೆ ಹಂಬು (ನ್ಯೂಜೆರ್ಸಿ):
ಆ ನಿಯಮ ಜಾರಿಗೇ ಬರಲಿಲ್ಲ. ಟೆಕ್ಸಾಸಿನ ಫೆಡರಲ್ ನ್ಯಾಯಾಲಯವೊಂದು 2025ರ ಜುಲೈ 11ರಂದು ಅದನ್ನು ರದ್ದುಮಾಡಿತು. ದಯವಿಟ್ಟು ಅದನ್ನು ನಂಬಿ ಯಾರೂ ಕೂರಬೇಡಿ. ತುಂಗಾತೀರ ಅವರೇ, 440 ಎನ್ನುವುದು ಮೊದಲ ಮೊತ್ತವೋ ಈಗ ಉಳಿದಿರುವ ಮೊತ್ತವೋ?

ತುಂಗಾತೀರ:
ಬಿಲ್ 1,140 ಡಾಲರ್ ಇತ್ತು. ಏಜೆನ್ಸಿಯವರು ಫೋನಿನಲ್ಲಿ ಒತ್ತಾಯಿಸಿದಾಗ 700 ಡಾಲರ್ ಕಾರ್ಡಿನಲ್ಲಿ ಕಟ್ಟಿದೆ. ಆದ್ದರಿಂದ ಬಾಕಿ 440.

ಬಯಲುಸೀಮೆ:
ಈಗ ರಿಪೋರ್ಟ್‌ನಲ್ಲಿ ಕಾಣುವುದು 440 ತಾನೇ? ಅಂದರೆ 500ಕ್ಕಿಂತ ಕಡಿಮೆಯೇ. ನನ್ನ ಮಾತು ಈಗಲೂ ಅದೇ.

ಮಲ್ಲಿಗೆ ಹಂಬು:
ಇಲ್ಲ. ಬ್ಯೂರೋಗಳು ನೋಡುವುದು ಕಲೆಕ್ಷನ್‌ಗೆ ಹೋದಾಗಿನ ಆರಂಭದ ಮೊತ್ತವನ್ನು. ಭಾಗಶಃ ಕಟ್ಟಿದ ಮಾತ್ರಕ್ಕೆ ಆ ವಿನಾಯಿತಿ ಸಿಗುವುದಿಲ್ಲ.

ಹೊಯ್ಸಳನಾಡು:
ಇಷ್ಟು ಚರ್ಚೆಯೇ ಬೇಡ. ಮೆಡಿಕಲ್ ಕಲೆಕ್ಷನ್ ಪೂರ್ತಿ ತೀರಿದರೆ ಅದನ್ನು ರಿಪೋರ್ಟ್‌ನಿಂದ ತೆಗೆಯಬೇಕೆಂಬುದು 2022ರ ಜುಲೈ 1ರಿಂದ ಮೂರೂ ಬ್ಯೂರೋಗಳು ಪಾಲಿಸುತ್ತಿರುವ ಕ್ರಮ. ಉಳಿದ 440 ಕಟ್ಟಿ, ರಸೀದಿಯನ್ನು ಲೋನ್ ಆಫೀಸರ್‌ಗೆ ಕೊಟ್ಟು ರ‍್ಯಾಪಿಡ್ ರೀಸ್ಕೋರ್ (ಹೊಸ ದಾಖಲೆ ಕೊಟ್ಟು ಕ್ರೆಡಿಟ್ ಸ್ಕೋರನ್ನು ಬೇಗ ಮರುಲೆಕ್ಕ ಹಾಕಿಸುವುದು) ಮಾಡಿಸಿ. ಅದನ್ನು ಸಾಲ ಕೊಡುವವರ ಮೂಲಕವೇ ಮಾಡಿಸಬೇಕು, ಕೆಲವೇ ದಿನಗಳಲ್ಲಿ ಆಗುತ್ತದೆ. ನನ್ನ ಸ್ಕೋರ್ ಇಂದಿಗೂ 800ರ ಮೇಲಿದೆ.

ತುಂಗಾತೀರ:
ನನ್ನ ಫೋನಿನ ಆ್ಯಪ್‌ನಲ್ಲಿಯೂ ಸ್ಕೋರ್ ಚೆನ್ನಾಗಿಯೇ ಇದೆ. ಲೋನ್ ಆಫೀಸರ್ ತೋರಿಸಿದ ಅಂಕ ಮಾತ್ರ ಬಹಳ ಕೆಳಗಿದೆ. ಇದು ಹೇಗೆ ಸಾಧ್ಯ?

ಬಯಲುಸೀಮೆ:
ಆ್ಯಪ್‌ಗಳು ಹೆಚ್ಚಾಗಿ ತೋರಿಸುವುದು ವ್ಯಾಂಟೇಜ್‌ಸ್ಕೋರ್ ಎಂಬ ಬಗೆಯ ಅಂಕವನ್ನು. ಅದರ 3.0 ಮತ್ತು 4.0 ಆವೃತ್ತಿಗಳು ಮೆಡಿಕಲ್ ಕಲೆಕ್ಷನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆ ಸಾಲದವರು ಬಹುಕಾಲದಿಂದ ನೋಡುತ್ತ ಬಂದಿರುವುದು ಫೈಕೋ ಎಂಬ ಇನ್ನೊಂದು ಬಗೆಯ ಅಂಕದ ಹಳೆಯ ಆವೃತ್ತಿಗಳನ್ನು.

ಮಲ್ಲಿಗೆ ಹಂಬು:
ಹೊಯ್ಸಳನಾಡು ಅವರ ಸಲಹೆ ತಪ್ಪಲ್ಲ. ಸಾಲದ ಕಾಗದಪತ್ರಕ್ಕೆ ಸಹಿ ಹಾಕುವ ದಿನ ಹತ್ತಿರವಿದ್ದರೆ ನಾನೂ ಅದನ್ನೇ ಹೇಳಬಹುದು. ಆದರೆ ಆ ಹಣವನ್ನು ನೀವು ಕೊಡಬೇಕಾಗಿದೆಯೇ ಎಂಬುದನ್ನು ಇಲ್ಲಿ ಇನ್ನೂ ಯಾರೂ ಕೇಳಿಲ್ಲ. ನಾನು ಬಹಳ ವರ್ಷ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವಳು. ಬಿಲ್ ಯಾರ ಹೆಸರಿನ ಚಿಕಿತ್ಸೆಯದು, ಡಾಕ್ಟರು ನಿಮ್ಮ ಇನ್ಶೂರೆನ್ಸ್‌ನ ನೆಟ್‌ವರ್ಕ್‌ನಲ್ಲಿ (ಒಪ್ಪಂದದ ಪಟ್ಟಿಯಲ್ಲಿ) ಇದ್ದಾರೆಯೇ, ಇನ್ಶೂರೆನ್ಸ್‌ನವರು ಕಳಿಸಿದ ಇಒಬಿಯಲ್ಲಿ (ಯಾರು ಎಷ್ಟು ಕೊಡಬೇಕೆಂದು ತೋರಿಸುವ ವಿವರಪತ್ರದಲ್ಲಿ) ಮೊತ್ತದ ಪಕ್ಕ ಸಿಒ ಎಂದಿದೆಯೋ ಪಿಆರ್ ಎಂದಿದೆಯೋ, ಇಷ್ಟನ್ನು ಮೊದಲು ತಿಳಿಸಿ.

ಕಾವೇರಿ ಕಣಿವೆ:
ನೆಟ್‌ವರ್ಕ್ ಹೊರಗಿನ ಡಾಕ್ಟರಾಗಿದ್ದರೆ 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್ (ಅನಿರೀಕ್ಷಿತ ಬಿಲ್ಲಿನಿಂದ ರೋಗಿಯನ್ನು ರಕ್ಷಿಸುವ ಕಾನೂನು) ಇದೆ. ನಿಮ್ಮದು ಖಂಡಿತ ಅದೇ ಪ್ರಕರಣ.

ತುಂಗಾತೀರ:
ಬಿಲ್ ನಮ್ಮ ಮಗುವಿನದು. ಹುಟ್ಟಿದ ದಿನ ಉಸಿರಾಟದ ತೊಂದರೆಯೆಂದು ನವಜಾತ ಶಿಶು ತಜ್ಞರು ನೋಡಿದ್ದರು. ಅವರು ನಮ್ಮಿಬ್ಬರ ಇನ್ಶೂರೆನ್ಸ್‌ಗೂ ಇನ್-ನೆಟ್‌ವರ್ಕ್. ಹೆಂಡತಿಯ ಆಫೀಸು ಮತ್ತು ನನ್ನ ಆಫೀಸು ಎರಡೂ ಕಡೆಯ ಪ್ಲಾನಿಗೆ ಮಗುವನ್ನು ಗಡುವಿನೊಳಗೆ ಸೇರಿಸಿದ್ದೇವೆ, ಎರಡೂ ಕಾರ್ಡುಗಳನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದೇವೆ. ಹೆಂಡತಿಯ ಕಡೆಯ ಇಒಬಿಯಲ್ಲಿ ಸಿಒ-22 ಎಂದಿದೆ. ನನ್ನ ಕಡೆಯದರಲ್ಲಿ ಸಿಒ-29.

ಮಲ್ಲಿಗೆ ಹಂಬು:
ಈಗ ವಿಷಯ ಸ್ಪಷ್ಟವಾಯಿತು. ನಿಮ್ಮ ಹುಟ್ಟಿದ ತಿಂಗಳು ಹೆಂಡತಿಯ ತಿಂಗಳಿಗಿಂತ ಮೊದಲೇ?

ತುಂಗಾತೀರ:
ಹೌದು, ನನ್ನದು ಫೆಬ್ರವರಿ, ಆಕೆಯದು ಅಕ್ಟೋಬರ್. ಅದಕ್ಕೂ ಇದಕ್ಕೂ ಏನು ಸಂಬಂಧ, ಮೇಡಂ?

ಮಲ್ಲಿಗೆ ಹಂಬು:
ಇಡೀ ತೊಡಕು ಅಲ್ಲಿಯೇ ಇದೆ. ತಂದೆತಾಯಿ ಇಬ್ಬರ ಪ್ಲಾನಿನಲ್ಲೂ ಮಗುವಿದ್ದರೆ, ಕ್ಯಾಲೆಂಡರ್ ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರ ಪ್ಲಾನೇ ಮೊದಲು ಹಣ ಕೊಡಬೇಕು. ಹೆರಿಗೆಗೆ ಸೇರಿದವರು ತಾಯಿ ಎಂಬ ಕಾರಣಕ್ಕೆ ಡಾಕ್ಟರ ಕಚೇರಿಯವರು ಕ್ಲೇಮನ್ನು ತಾಯಿಯ ಪ್ಲಾನಿಗೆ ಕಳಿಸಿದ್ದಾರೆ. ಆ ಪ್ಲಾನಿನವರು ಬೇರೆ ಇನ್ಶೂರೆನ್ಸ್ ಮೊದಲು ಕೊಡಬೇಕೆಂದು ಹಿಂದಿರುಗಿಸಿದರು, ಅದೇ ಸಿಒ-22. ಬಳಿಕ ನಿಮ್ಮ ಪ್ಲಾನಿಗೆ ಕಳಿಸುವಷ್ಟರಲ್ಲಿ ಕ್ಲೇಮ್ ಸಲ್ಲಿಸುವ ಅವಧಿ ಮುಗಿದಿತ್ತು, ಅದೇ ಸಿಒ-29. ಸಿಒ ಎಂದರೆ ಡಾಕ್ಟರು ಮತ್ತು ಇನ್ಶೂರೆನ್ಸ್ ನಡುವಿನ ಒಪ್ಪಂದದ ಹೊಣೆ, ಪಿಆರ್ ಎಂದರೆ ರೋಗಿಯ ಹೊಣೆ. ಇನ್-ನೆಟ್‌ವರ್ಕ್ ಡಾಕ್ಟರು ತಡವಾಗಿ ಕ್ಲೇಮ್ ಕಳಿಸಿದ್ದಕ್ಕೆ ಸಾಮಾನ್ಯವಾಗಿ ಆ ನಷ್ಟವನ್ನು ಅವರೇ ಭರಿಸಬೇಕು, ನಿಮ್ಮಿಂದ ವಸೂಲು ಮಾಡುವಂತಿಲ್ಲ. ಎರಡೂ ಕಾರ್ಡು ಕೊಟ್ಟಿದ್ದೀರಿ ಎಂಬುದು ಬಹಳ ಮುಖ್ಯ. ಕೊಡದಿದ್ದರೆ ವಾದ ಬೇರೆಯಾಗುತ್ತಿತ್ತು.

ಹೊಯ್ಸಳನಾಡು:
ವಾದ ಸರಿಯೇ ಇರಬಹುದು, ಆದರೆ 440 ಡಾಲರಿಗಾಗಿ ಮನೆ ಕಳೆದುಕೊಳ್ಳಬೇಕೇ?

ಮಲ್ಲಿಗೆ ಹಂಬು:
ಕಟ್ಟಿದ 700 ಸೇರಿಸಿ ನೋಡಿ, ಅದು 1,140 ಡಾಲರಿನ ಪ್ರಶ್ನೆ. ಕಟ್ಟಿದ ಹಣವನ್ನು ಹಿಂದಕ್ಕೆ ಪಡೆಯುವುದು ಕಟ್ಟದೆ ಇರುವುದಕ್ಕಿಂತ ಎಷ್ಟೋ ಪಾಲು ಕಷ್ಟ. ತುಂಗಾತೀರ ಅವರೇ, ಮೊದಲು ನಿಮ್ಮ ಪ್ಲಾನಿಗೆ ಫೋನ್ ಮಾಡಿ, ರೋಗಿಯ ಹೊಣೆ ಸೊನ್ನೆ ಎಂಬುದನ್ನು ಖಚಿತಪಡಿಸಿಕೊಂಡು, ಅವರ ಪ್ರತಿನಿಧಿಯನ್ನೂ ಡಾಕ್ಟರ ಬಿಲ್ಲಿಂಗ್ ಕಚೇರಿಯನ್ನೂ ಒಂದೇ ಕರೆಯಲ್ಲಿ ಮಾತಾಡಿಸಿ. ತಾಯಿಯ ಪ್ಲಾನ್ ತಿರಸ್ಕರಿಸಿದ ಇಒಬಿಯನ್ನು ಸಕಾಲದಲ್ಲಿ ಸಲ್ಲಿಸಿದ್ದಕ್ಕೆ ಪುರಾವೆಯಾಗಿಟ್ಟು ಡಾಕ್ಟರ ಕಚೇರಿಯವರು ಮೇಲ್ಮನವಿ ಹಾಕಲೂಬಹುದು. ಖಾತೆಯನ್ನು ಏಜೆನ್ಸಿಯಿಂದ ಹಿಂದಕ್ಕೆ ಪಡೆಯಿರಿ ಎಂದು ಲಿಖಿತವಾಗಿ ಕೇಳಿ. ಬ್ಯೂರೋಗಳಿಗೆ ಈ ಬಾರಿ ಆನ್‌ಲೈನ್ ಬೇಡ, ಅಲ್ಲಿ ನಿಮ್ಮ ದೂರು ಒಂದು ಸಣ್ಣ ಸಂಕೇತವಾಗಿ ಏಜೆನ್ಸಿಗೆ ಹೋಗುತ್ತದೆ. ಎರಡೂ ಇಒಬಿಗಳನ್ನು ಲಗತ್ತಿಸಿ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ಸಾಮಾನ್ಯವಾಗಿ 30 ದಿನಗಳೊಳಗೆ ಅವರು ತನಿಖೆ ಮುಗಿಸಬೇಕು. ಅದರ ಒಂದು ನಕಲನ್ನು ಏಜೆನ್ಸಿಗೂ ಕಳಿಸಿ.

ಕಾವೇರಿ ಕಣಿವೆ:
ಟೆಕ್ಸಾಸ್ ಇನ್ಶೂರೆನ್ಸ್ ಇಲಾಖೆಗೂ ದೂರು ಕೊಡಲಿ.

ಬಯಲುಸೀಮೆ:
ಕಂಪನಿಯೇ ಹಣ ಹಾಕಿ ನಡೆಸುವ ಸೆಲ್ಫ್-ಫಂಡೆಡ್ ಪ್ಲಾನ್ ಆದರೆ ರಾಜ್ಯದ ಇಲಾಖೆಗೆ ಅಧಿಕಾರವಿಲ್ಲ, ಕೇಂದ್ರದ ಕಾರ್ಮಿಕ ಇಲಾಖೆಯ ಇಬಿಎಸ್‌ಎ ಎಂಬ ವಿಭಾಗಕ್ಕೆ ಹೋಗಬೇಕು. ಎಚ್‌ಆರ್‌ನವರನ್ನು ಮೊದಲು ವಿಚಾರಿಸಿ.

ತುಂಗಾತೀರ:
ಒಂದೇ ಕರೆಯಲ್ಲಿ ಇಬ್ಬರನ್ನೂ ಮಾತಾಡಿಸಿದ್ದು ಕೆಲಸ ಮಾಡಿತು. ರೋಗಿಯ ಹೊಣೆ ಸೊನ್ನೆಯೆಂದು ಇನ್ಶೂರೆನ್ಸ್‌ನವರು ಹೇಳಿದ ಮೇಲೆ ಡಾಕ್ಟರ ಕಚೇರಿಯವರು ಖಾತೆಯನ್ನು ಹಿಂದಕ್ಕೆ ಪಡೆದು ಪತ್ರ ಕೊಟ್ಟಿದ್ದಾರೆ. ಎರಡು ಬ್ಯೂರೋಗಳ ರಿಪೋರ್ಟ್‌ನಿಂದ ಅದು ಹೋಗಿದೆ, ಮೂರನೆಯದರಲ್ಲಿ ಇನ್ನೂ ಇದೆ. 700 ಡಾಲರಿನ ಬಗ್ಗೆ ಮಾತ್ರ ಏಜೆನ್ಸಿಯೂ ಡಾಕ್ಟರ ಕಚೇರಿಯೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಿದ್ದಾರೆ.

ಮಲ್ಲಿಗೆ ಹಂಬು:
ಆ ಪತ್ರವನ್ನು ಇಂದೇ ಲೋನ್ ಆಫೀಸರ್‌ಗೆ ಕೊಡಿ, ಮೂರನೆಯ ಬ್ಯೂರೋಗೆ ರ‍್ಯಾಪಿಡ್ ರೀಸ್ಕೋರ್ ಈಗ ಉಪಯೋಗಕ್ಕೆ ಬರುತ್ತದೆ. ಹಣ ಹಿಂದಿರುಗಿಸುವಂತೆ ಡಾಕ್ಟರ ಕಚೇರಿಗೆ ಬರೆಯಿರಿ, ಕಾರ್ಡಿನ ಸ್ಟೇಟ್‌ಮೆಂಟ್ ಲಗತ್ತಿಸಿ, ಏಜೆನ್ಸಿಗೆ ಪ್ರತಿ ಕಳಿಸಿ. ಉತ್ತರ ಬರದಿದ್ದರೆ ಏಜೆನ್ಸಿಯ ಮೇಲೆ ಸಿಎಫ್‌ಪಿಬಿಗೆ ದೂರು ದಾಖಲಿಸಿ.

ಹೊಸಬ 24:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು ಆಂಬ್ಯುಲೆನ್ಸ್ ಬಿಲ್, ಅದೂ ನೋ ಸರ್ಪ್ರೈಸಸ್ ಆ್ಯಕ್ಟ್‌ಗೆ ಬರುತ್ತದೆಯೇ?

ಬಯಲುಸೀಮೆ:
ಏರ್ ಆಂಬ್ಯುಲೆನ್ಸ್ ಬರುತ್ತದೆ, ರಸ್ತೆಯ ಆಂಬ್ಯುಲೆನ್ಸ್ ಬರುವುದಿಲ್ಲ. ರಾಜ್ಯ ಯಾವುದೆಂದು ತಿಳಿಸಿ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.