ಕಾನೂನು ಕಡಿಮೆಯಾದಷ್ಟೂ ಸುಖ ಹೆಚ್ಚು: ಈ ವಾದದ ದೋಷ ಯಾವುದು?

ಕ್ಲಾಟ್_ತಯಾರಿ:
ಕ್ಲಾಟ್ (ಕಾನೂನು ಪದವಿಯ ಪ್ರವೇಶ ಪರೀಕ್ಷೆ) ಅಭ್ಯಾಸದ ಪ್ರಶ್ನೆಯೊಂದರ ವಾದ ಹೀಗಿದೆ: "ಪ್ರತಿ ಕಾನೂನೂ ಯಾರದ್ದಾದರೂ ಸ್ವಾತಂತ್ರ್ಯವನ್ನು ಮೊಟಕುಗೊಳಿಸುತ್ತದೆ. ಸ್ವಾತಂತ್ರ್ಯ ಮೊಟಕಾದವರ ಸುಖ ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಕಾನೂನು ಕಡಿಮೆಯಾದಷ್ಟೂ ಸಮಾಜದ ಒಟ್ಟು ಸುಖ ಹೆಚ್ಚುತ್ತದೆ."

ಆಯ್ಕೆಗಳು:
(ಅ) ಎಲ್ಲ ಕಾನೂನೂ ಸ್ವಾತಂತ್ರ್ಯ ಮೊಟಕುಗೊಳಿಸುವುದಿಲ್ಲ
(ಆ) ಕಾನೂನಿನಿಂದ ಸಿಗುವ ಸುಖ ಅದರ ನಷ್ಟವನ್ನು ಮೀರಬಹುದು ಎಂಬುದನ್ನು ಗಮನಿಸಿಲ್ಲ
(ಇ) ಸುಖ ಅಳೆಯುವುದು ಹೇಗೆಂದು ಹೇಳಿಲ್ಲ

ಅ, ಆ ಎರಡೂ ಸರಿ ಅನ್ನಿಸ್ತಿದೆ. ಹೇಗೆ ಆರಿಸೋದು?

ತರ್ಕಪ್ರಿಯ:
ಉತ್ತರ (ಆ). (ಅ) ಎಂಬುದು ಆಧಾರವಾಕ್ಯಕ್ಕೇ, ಅಂದರೆ 'ಆದ್ದರಿಂದ'ಕ್ಕೆ ಮೊದಲು ಹೇಳಿದ ಮಾತಿಗೇ, ತೆಗೆದ ತಕರಾರು. ದೋಷ ಕೇಳಿದಾಗ ಆಧಾರಗಳನ್ನು ಒಪ್ಪಿಕೊಂಡು, ಅಲ್ಲಿಂದ ತೀರ್ಮಾನಕ್ಕೆ ದಾರಿ ಇದೆಯಾ ಅಂತ ಮಾತ್ರ ನೋಡಬೇಕು.

'ಆದ್ದರಿಂದ' ಆದಮೇಲೆ ಹೊಸದಾಗಿ ನುಸುಳಿದ ಪದಕ್ಕೆ ಗೆರೆ ಎಳೆಯಿರಿ. ಇಲ್ಲಿ ಅದು 'ಒಟ್ಟು'. ಆಧಾರದಲ್ಲಿ ಬರೀ ಖರ್ಚು ಬರೆದಿದ್ದಾರೆ, ಜಮೆಯ ಕಡೆ ಖಾಲಿ.

ಆಮೇಲೆ ಒಂದು ನಿಜವಾದ ಕಾನೂನು ಹಾಕಿ ಪರೀಕ್ಷಿಸಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ: ಸಾಲ ಕೊಟ್ಟು ಜೀತಕ್ಕಿಟ್ಟುಕೊಂಡವನ ಸ್ವಾತಂತ್ರ್ಯಕ್ಕೆ ಕತ್ತರಿ ಬಿತ್ತು, ಅವನ ಸುಖವೂ ಕುಗ್ಗಿತು ಅಂತಿಟ್ಟುಕೊಳ್ಳಿ. ಎರಡೂ ಆಧಾರ ನಿಂತವು. ಆದರೆ ಜೀತದಾಳಿಗೆ ಬಿಡುಗಡೆ ಸಿಕ್ಕಿತು, ಜೀತದ ಸಾಲವೂ ರದ್ದಾಯಿತು. ಆ ಕಾಯ್ದೆ ತೆಗೆದರೆ ಒಟ್ಟು ಸುಖ ಹೆಚ್ಚುತ್ತದೆ ಅಂತ ಯಾರು ಹೇಳ್ತಾರೆ? ಇಂಥದ್ದು ಒಂದು ಸಿಕ್ಕರೂ ವಾದ ಬಿತ್ತು.

ಇ ಬರೀ ಬಲೆ. ಹೆಚ್ಚು-ಕಡಿಮೆ ಹೋಲಿಸೋಕೆ ಅಳತೆಗೋಲು ಬೇಕೇಬೇಕು ಅಂತಿಲ್ಲ.

ಅಡಿಟಿಪ್ಪಣಿ:
ಇನ್ನೊಂದು ಬಿರುಕೂ ಇದೆ, ಆಯ್ಕೆಯಲ್ಲಿ ಕೊಟ್ಟಿಲ್ಲ ಅಷ್ಟೇ. ಆಧಾರ ಹೇಳೋದು ನಿರ್ಬಂಧದ ವಿಷಯ, ತೀರ್ಮಾನ ಎಣಿಸೋದು ಕಾನೂನುಗಳ ಸಂಖ್ಯೆ. ಊರಿಡೀ ಹೊರಗೆ ಬರಬೇಡಿ ಅನ್ನೋ ಒಂದೇ ನಿಯಮ, ಪಾರ್ಕಿಂಗಿನ ಹತ್ತು ನಿಯಮಗಳಿಗಿಂತ ಹೆಚ್ಚು ಕಟ್ಟಿಹಾಕುತ್ತೆ.

ಅಂದಹಾಗೆ, ಒಟ್ಟು ಸುಖದಿಂದಲೇ ಕಾನೂನನ್ನು ಅಳೆಯಬೇಕೆಂದ ಇಂಗ್ಲಿಷ್ ತತ್ವಜ್ಞಾನಿ ಬೆಂಥಮ್ ಕೂಡ ಪ್ರತಿ ಕಾನೂನೂ ಸ್ವಾತಂತ್ರ್ಯದ ಉಲ್ಲಂಘನೆ, ಆ ಮಟ್ಟಿಗೆ ಕೆಡುಕು ಅಂದವನೇ. ಆದರೆ ಅಲ್ಲಿಂದ ಈ ತೀರ್ಮಾನಕ್ಕೆ ಹಾರಲಿಲ್ಲ. ಕಾನೂನು ತಡೆಯುವ ಕೆಡುಕು ದೊಡ್ಡದೋ, ಕಾನೂನಿನ ಕೆಡುಕು ದೊಡ್ಡದೋ ತೂಗಿ ನೋಡಿ ಅಂದ.

ಕ್ಲಾಟ್_ತಯಾರಿ:
ತೀರ್ಮಾನ "ಆದ್ದರಿಂದ ಪ್ರತಿ ಕಾನೂನಿನಿಂದಲೂ ಯಾರದ್ದಾದರೂ ಸುಖ ಸ್ವಲ್ಪ ಕುಗ್ಗುತ್ತದೆ" ಅಂತಿದ್ದರೆ?

ತರ್ಕಪ್ರಿಯ:
ಆಗ ದೋಷವೇ ಇಲ್ಲ. ಎರಡು ಆಧಾರ ಸೇರಿಸಿದರೆ ನೇರವಾಗಿ ಬರೋದೇ ಅದು, (ಆ) ಕೂಡ ತಪ್ಪು ಉತ್ತರ ಆಗ್ತಿತ್ತು. ಅದಕ್ಕೇ ಆಯ್ಕೆಗಳಿಗೆ ಹೋಗೋ ಮುಂಚೆ ತೀರ್ಮಾನವನ್ನ ಇನ್ನೊಮ್ಮೆ ಓದಿ. ಕ್ಲಾಟ್‌ನಲ್ಲಿ ತಪ್ಪು ಉತ್ತರಕ್ಕೆ 0.25 ಅಂಕ ಕಳೀತಾರೆ.