ರಾಗಿ ಸಂಶೋಧನೆಯ ಸೈಟೇಶನ್ ಎಣಿಕೆ: ಸ್ಕೋಪಸ್, ವೆಬ್ ಆಫ್ ಸೈನ್ಸ್, ಗೂಗಲ್ ಸ್ಕಾಲರ್‌ಗಳಲ್ಲಿ ಯಾವುದನ್ನು ಹಿಡಿಯಬೇಕು?

ಪ್ರಶ್ನೆ

ರಾಗಿಯ ಮೇಲೆ 1990ರಿಂದ 2024ರವರೆಗೆ ಬಂದ ಪ್ರಬಂಧಗಳ ಸೈಟೇಶನ್ (ಒಂದು ಪ್ರಬಂಧವನ್ನು ಬೇರೆ ಬರಹಗಳು ಉಲ್ಲೇಖಿಸುವುದು) ವಿಶ್ಲೇಷಣೆ ಪಿಎಚ್‌ಡಿಯ ಒಂದು ಅಧ್ಯಾಯವಾಗಬೇಕು. ಒಂದೇ ಪ್ರಬಂಧಕ್ಕೆ ಗೂಗಲ್ ಸ್ಕಾಲರ್ ತೋರಿಸುವ ಸಂಖ್ಯೆ ದೊಡ್ಡದು, ಸ್ಕೋಪಸ್‌ನಲ್ಲಿ ಅದಕ್ಕಿಂತ ಕಡಿಮೆ, ವೆಬ್ ಆಫ್ ಸೈನ್ಸ್‌ನಲ್ಲಿ ಇನ್ನೂ ಕಡಿಮೆ. ಅದೇ ಹುಡುಕಾಟವನ್ನು ಇನ್ನೊಂದು ವಿಶ್ವವಿದ್ಯಾಲಯದ ಲಾಗಿನ್‌ನಿಂದ ಮಾಡಿದರೆ ವೆಬ್ ಆಫ್ ಸೈನ್ಸ್ ಬೇರೆಯೇ ಪಟ್ಟಿ ಕೊಡುತ್ತದೆ. ಯಾವುದನ್ನು ನಂಬುವುದು? ಮೂರನ್ನೂ ಸೇರಿಸಿಬಿಡಬಹುದೇ?

ಉತ್ತರ 1

ಮೂರೂ ಸರಿಯೇ. ಯಾವ ಡೇಟಾಬೇಸ್ ಆದರೂ ತನ್ನೊಳಗಿರುವ ಬರಹಗಳು ಉಲ್ಲೇಖಿಸಿದ್ದನ್ನು ಮಾತ್ರ ಎಣಿಸುತ್ತದೆ. ವೆಬ್ ಆಫ್ ಸೈನ್ಸ್‌ನ ಬೇರು 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್. ಜರ್ನಲ್‌ಗಳನ್ನು ಸೋಸಿ ತೆಗೆದುಕೊಳ್ಳುವ ಪದ್ಧತಿ ಅಲ್ಲಿಂದಲೇ ಬಂದದ್ದು. 2004ರಲ್ಲಿ ಶುರುವಾದ ಸ್ಕೋಪಸ್ ಹೆಚ್ಚು ಜರ್ನಲ್‌ಗಳನ್ನು ಹಿಡಿಯುತ್ತದೆ. ಗೂಗಲ್ ಸ್ಕಾಲರ್ ಥೀಸಿಸ್, ಪ್ರೀಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹೊರಬಿಟ್ಟ ಪ್ರಬಂಧ), ವಿಚಾರ ಸಂಕಿರಣದ ಪಿಡಿಎಫ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಒಂದೇ ಬರಹ ಎರಡು ಕಡೆ ಸಿಕ್ಕರೆ ಎರಡು ಸಲ ಎಣಿಸುವುದೂ ಉಂಟು.

ಲಾಗಿನ್ ವ್ಯತ್ಯಾಸಕ್ಕೆ ಕಾರಣ ಸರಳ. ವೆಬ್ ಆಫ್ ಸೈನ್ಸ್‌ನ ಮುಖ್ಯ ಸಂಗ್ರಹವಾದ ಕೋರ್ ಕಲೆಕ್ಷನ್ ಎನ್ನುವುದು ಹಲವು ಇಂಡೆಕ್ಸ್‌ಗಳ ಕಟ್ಟು. ಯಾವ ಇಂಡೆಕ್ಸ್, ಯಾವ ವರ್ಷದಿಂದ ಎಂಬುದು ಸಂಸ್ಥೆಯ ಚಂದಾದಂತೆ ಬದಲಾಗುತ್ತದೆ. ಒಂದು ಕಡೆ ಎಮರ್ಜಿಂಗ್ ಸೋರ್ಸಸ್ ಸೈಟೇಶನ್ ಇಂಡೆಕ್ಸ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಪಟ್ಟಿ ಬೇರೆಯಾಗಲೇಬೇಕು. ಹಾಗಾಗಿ ವಿಧಾನದ ಭಾಗದಲ್ಲಿ ‘ವೆಬ್ ಆಫ್ ಸೈನ್ಸ್’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಇಂಡೆಕ್ಸ್‌ಗಳ ಹೆಸರು, ವರ್ಷಗಳ ವ್ಯಾಪ್ತಿ, ಹುಡುಕಿದ ದಿನಾಂಕ ಮೂರನ್ನೂ ಬರೆಯಿರಿ.

ನಿಮ್ಮ ವಿಷಯಕ್ಕೆ ಎಣಿಕೆ ಸ್ಕೋಪಸ್‌ನಲ್ಲಿ ಮಾಡಿ ಎನ್ನುತ್ತೇನೆ. ಗೂಗಲ್ ಸ್ಕಾಲರ್ ಒಂದು ಹುಡುಕಾಟಕ್ಕೆ ಮೊದಲ 1,000 ಫಲಿತಾಂಶಗಳಷ್ಟನ್ನೇ ತೋರಿಸುತ್ತದೆ, ಪೂರ್ತಿ ಪಟ್ಟಿಯನ್ನು ಒಟ್ಟಿಗೆ ಇಳಿಸಿಕೊಳ್ಳಲು ಬಿಡುವುದಿಲ್ಲ. ಬಿಟ್ಟುಹೋದದ್ದನ್ನು ಹುಡುಕಲು ಅದು ಒಳ್ಳೆಯದು, ವಿಶ್ಲೇಷಣೆಯ ತಳಪಾಯಕ್ಕೆ ಆಗದು.

ಉತ್ತರ 2

ಎಣಿಕೆಗಿಂತ ಮೊದಲು ಹುಡುಕುಪದ ಸರಿ ಮಾಡಿಕೊಳ್ಳಿ. ‘ರಾಗಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಇಂಡೋನೇಷ್ಯಾ, ಮಲೇಷ್ಯಾದ ಹುದುಗುವಿಕೆಯ ಪ್ರಬಂಧಗಳೂ ಬರುತ್ತವೆ. ಅಲ್ಲಿನ ಭಾಷೆಯಲ್ಲಿ ‘ರಾಗಿ’ ಎಂದರೆ ಅಕ್ಕಿ, ಮರಗೆಣಸನ್ನು ಹುದುಗಿಸಲು ಬಳಸುವ ಯೀಸ್ಟ್‌ನ ಬಿಲ್ಲೆ. ಅದಕ್ಕಾಗಿ ರಾಗಿಯ ಇಂಗ್ಲಿಷ್ ಹೆಸರು ‘ಫಿಂಗರ್ ಮಿಲೆಟ್’ ಮತ್ತು ಲ್ಯಾಟಿನ್ ಹೆಸರು ‘ಎಲ್ಯುಸೈನ್ ಕೊರಕಾನ’ ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ ‘ಆರ್’ (OR)ನಿಂದ ಜೋಡಿಸಿ. ‘ರಾಗಿ’ ಪದವನ್ನು ‘ಮಿಲೆಟ್’ ಜೊತೆ ‘ಆಂಡ್’ (AND) ಹಾಕಿ ಮಾತ್ರ ಸೇರಿಸಿ. ಹಿಂದಿ ಸೀಮೆಯ ‘ಮಂಡುವಾ’, ಪೂರ್ವ ಆಫ್ರಿಕಾದ ‘ವಿಂಬಿ’ ಇವನ್ನೂ ಹಾಗೆಯೇ.

ಸ್ಕೋಪಸ್‌ನಲ್ಲಿ ಶೀರ್ಷಿಕೆ, ಸಾರಾಂಶ, ಕೀವರ್ಡ್ ಮೂರನ್ನೇ ಹುಡುಕಿ. ವೆಬ್ ಆಫ್ ಸೈನ್ಸ್‌ನ ‘ಟಾಪಿಕ್’ ಇದಕ್ಕೆ ಸಮ ಎಂದುಕೊಳ್ಳಬೇಡಿ: ಅದರಲ್ಲಿ ‘ಕೀವರ್ಡ್ಸ್ ಪ್ಲಸ್’ ಕೂಡ ಸೇರಿದೆ. ಪ್ರಬಂಧವು ಉಲ್ಲೇಖಿಸಿದ ಬರಹಗಳ ಶೀರ್ಷಿಕೆಗಳಿಂದ ಯಂತ್ರ ಹೆಕ್ಕಿದ ಪದಗಳವು. ಜೋಳದ ಪ್ರಬಂಧವೊಂದು ರಾಗಿಯ ನಾಲ್ಕಾರು ಪ್ರಬಂಧಗಳನ್ನು ಉಲ್ಲೇಖಿಸಿದ್ದರೆ ಅದೂ ನಿಮ್ಮ ಬಲೆಗೆ ಬೀಳಬಹುದು. ಶೀರ್ಷಿಕೆ, ಸಾರಾಂಶ, ಲೇಖಕರ ಕೀವರ್ಡ್‌ಗಳನ್ನು ಬೇರೆ ಬೇರೆಯಾಗಿ ಕೊಟ್ಟು ಜೋಡಿಸಿದರೆ ಈ ಕಸ ತಪ್ಪುತ್ತದೆ.

ಕೃಷಿ ವಿಷಯವಾದ್ದರಿಂದ ಕೃಷಿ ಬರಹಗಳ ಡೇಟಾಬೇಸ್ ಆದ ಸಿಎಬಿ ಆಬ್‌ಸ್ಟ್ರಾಕ್ಟ್ಸ್ ನೋಡದೆ ಬಿಡಬೇಡಿ. ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಿಗೆ ಕೃಷಿಕೋಶ ಇದೆ. ಇವು ಹುಡುಕಾಟಕ್ಕೆ, ಸೈಟೇಶನ್ ಎಣಿಕೆಗಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಪಟ್ಟಿಗಳನ್ನಾದರೂ ಒಂದು ಮಾಡಬೇಕೆಂದಿದೆ. ಹೇಗೆ?

ಉತ್ತರ 3

ಪಟ್ಟಿ ಸೇರಿಸಿ, ಸೈಟೇಶನ್ ಸಂಖ್ಯೆಗಳನ್ನು ಮಾತ್ರ ಕೂಡಿಸಬೇಡಿ. ಉಲ್ಲೇಖಿಸಿದ ಅದೇ ಪ್ರಬಂಧ ಎರಡರಲ್ಲೂ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ವೆಬ್ ಆಫ್ ಸೈನ್ಸ್‌ನಿಂದ ಉಲ್ಲೇಖ ಪಟ್ಟಿ ಸಮೇತ ಇಳಿಸುವುದಾದರೆ ಒಂದು ಸಲಕ್ಕೆ 500 ದಾಖಲೆ. 1,800 ಇದ್ದರೆ ನಾಲ್ಕು ಕಂತು. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಲೇಬೇಡಿ. ‘3-9’ ಎಂಬ ಪುಟಸಂಖ್ಯೆ ತಾರೀಖಾಗಿ ಬದಲಾಗುತ್ತದೆ, ಸೇವ್ ಮಾಡಿದ ಮೇಲೆ ಮೂಲ ಸಿಗದು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಅಕ್ಷರಸಂಕೇತಕ್ಕೆ ಯುಟಿಎಫ್-8 ಆರಿಸಿ, ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದು ಗುರುತಿಸಿ.

ಎರಡು ಪಟ್ಟಿಗಳ ಹೊಂದಿಕೆಗೆ ಮೊದಲು ಡಿಒಐ, ಅಂದರೆ ಪ್ರತಿ ಪ್ರಬಂಧಕ್ಕೆ ಕೊಡುವ ಶಾಶ್ವತ ಗುರುತು. ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ತಂದು, ಮುಂದಿರುವ ವೆಬ್ ವಿಳಾಸದ ಭಾಗ ಕತ್ತರಿಸಿ. ಡಿಒಐ ಇಲ್ಲದ್ದಕ್ಕೆ ಶೀರ್ಷಿಕೆ, ವರ್ಷ, ಮೊದಲ ಪುಟ. ವರ್ಷದಲ್ಲಿ ಒಂದರ ವ್ಯತ್ಯಾಸಕ್ಕೆ ಅವಕಾಶ ಇರಲಿ, ಏಕೆಂದರೆ ಆನ್‌ಲೈನ್‌ನಲ್ಲಿ ಡಿಸೆಂಬರ್‌ಗೆ ಬಂದದ್ದು ಸಂಚಿಕೆಯಲ್ಲಿ ಮರುವರ್ಷ ಸೇರಿರುತ್ತದೆ. ಶೀರ್ಷಿಕೆಯಲ್ಲಿ ನಿಮಗೆ ವಿಶೇಷ ತೊಡಕಿದೆ: ಸಸ್ಯದ ಲ್ಯಾಟಿನ್ ಹೆಸರು ಓರೆ ಅಕ್ಷರದಲ್ಲಿರುವುದರಿಂದ ಕೆಲವು ದಾಖಲೆಗಳಲ್ಲಿ ಅದರ ಎಚ್‌ಟಿಎಂಎಲ್ ಟ್ಯಾಗ್ ಹಾಗೇ ಉಳಿದಿರುತ್ತದೆ. ಟ್ಯಾಗ್, ಆವರಣ, ವಿರಾಮಚಿಹ್ನೆ ಎಲ್ಲ ತೆಗೆದು ಹೋಲಿಸಿ.

ಸೈಟೇಶನ್ ಜಾಲದ ನಕ್ಷೆ ಬಿಡಿಸುವ ವಿಒಎಸ್‌ವ್ಯೂವರ್ ತಂತ್ರಾಂಶ ಎರಡು ಮೂಲಗಳ ಫೈಲನ್ನು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಿಬ್ಲಿಯೊಮೆಟ್ರಿಕ್ಸ್ ಪ್ಯಾಕೇಜ್ ಸೇರಿಸಿಕೊಡುತ್ತದೆ. ಆದರೆ ಉಲ್ಲೇಖ ಬರೆಯುವ ರೀತಿ ಎರಡರಲ್ಲೂ ಬೇರೆ, ಹಾಗಾಗಿ ಒಂದೇ ಬರಹ ಕೋ-ಸೈಟೇಶನ್ ಜಾಲದಲ್ಲಿ (ಒಟ್ಟಿಗೆ ಉಲ್ಲೇಖಗೊಂಡ ಬರಹಗಳನ್ನು ಜೋಡಿಸುವ ಜಾಲ) ಎರಡು ಬಿಂದುವಾಗಿ ಒಡೆಯುತ್ತದೆ. ಜಾಲವನ್ನು ಒಂದೇ ಮೂಲದಿಂದ ಕಟ್ಟಿ.

ಉತ್ತರ 4

ಚಂದಾ ಇಲ್ಲದವರಿಗೆ ಓಪನ್‌ಅಲೆಕ್ಸ್ ಎಂಬ ಡೇಟಾಬೇಸ್ ಇದೆ. ಅಂಥದ್ದೇ ಆದ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ನಿಂತ ಮೇಲೆ 2022ರ ಜನವರಿಯಲ್ಲಿ ಬಂದದ್ದು. ದತ್ತಾಂಶ ಎಲ್ಲರಿಗೂ ಮುಕ್ತ. ವ್ಯಾಪ್ತಿ ದೊಡ್ಡದು. ಆದರೆ ಡಿಒಐ ಇಲ್ಲದ ಹಳೆಯ ಜರ್ನಲ್‌ಗಳ ಉಲ್ಲೇಖ ಪಟ್ಟಿ ಎಷ್ಟೋ ಸಲ ಖಾಲಿ ಇರುತ್ತದೆ. 1990ರ ದಶಕದ ಎಣಿಕೆಗೆ ಅದೊಂದನ್ನೇ ನೆಚ್ಚಬೇಡಿ.

ಸಂಸ್ಥೆವಾರು ಲೆಕ್ಕ ಮಾಡುವುದಾದರೆ ಒಂದು ಎಚ್ಚರಿಕೆ. ‘ಯೂನಿವರ್ಸಿಟಿ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಎಂಬ ಹೆಸರಿನವು ಬೆಂಗಳೂರು, ಧಾರವಾಡ, ರಾಯಚೂರು ಮೂರೂ ಕಡೆ ಇವೆ. ಊರಿನ ಹೆಸರು ಬಿಟ್ಟುಹೋದ ವಿಳಾಸ ಎಲ್ಲಿಗೋ ಸೇರಿಕೊಂಡಿರಬಹುದು. ‘ಜಿಕೆವಿಕೆ’ (ಬೆಂಗಳೂರು ವಿಶ್ವವಿದ್ಯಾಲಯದ ಆವರಣದ ಹೆಸರು) ಪದ, 560065 ಮತ್ತು 580005 ಪಿನ್‌ಕೋಡ್‌ಗಳಿಂದ ಮೊದಲೆರಡನ್ನು ಬೇರ್ಪಡಿಸಿ, ಉಳಿದ ಅನುಮಾನದ ದಾಖಲೆಗಳ ಪಿಡಿಎಫ್ ತೆರೆದು ನೋಡಿ. ಲೇಖಕರ ಹೆಸರಿನದೂ ಇದೇ ಪಾಡು: ನಮ್ಮ ಕಡೆಯ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಇನ್ನೊಮ್ಮೆ ವಿಸ್ತರಿಸಿ ಬಂದು ಒಬ್ಬರೇ ಮೂವರಾಗಿರುತ್ತಾರೆ. ಆರ್ಕಿಡ್ (ORCID) ಎಂಬ ಸಂಶೋಧಕರ ಗುರುತಿನ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಸಹಲೇಖಕರನ್ನು ನೋಡಿ ಕೈಯಾರೆ ಒಂದು ಮಾಡಿ.